ಮೂರು ಮುಳ್ಳಯ್ಯನಗಿರಿ ಎತ್ತರದ ಕಾಗದ

1987ರಲ್ಲಿ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ ಊರಿನ ಆಪಲ್ ಕಂಪನಿ ಸುಮಾರು ಆರು ನಿಮಿಷದ ಕಿರುಚಿತ್ರವೊಂದನ್ನು ಮಾಡಿಸಿತು. ಹೆಸರು 'ನಾಲೆಜ್ ನ್ಯಾವಿಗೇಟರ್'. ಅದರಲ್ಲಿ ತೋರಿಸಿದ ಯಂತ್ರ ಆಗ ಎಲ್ಲೂ ಇರಲಿಲ್ಲ. ಮುಂದೊಂದು ದಿನ ಕಂಪ್ಯೂಟರ್ ಹೀಗಿರಬಹುದೆಂಬ ಕಲ್ಪನೆ ಮಾತ್ರ. ಒಬ್ಬ ಪ್ರೊಫೆಸರು ಮೇಜಿನ ಮೇಲೆ ಪುಸ್ತಕದಂತೆ ತೆರೆದುಕೊಳ್ಳುವ ಯಂತ್ರದ ಜೊತೆ ಮಾತಾಡುತ್ತಾನೆ. ತೆರೆಯ ಮೂಲೆಯಲ್ಲಿ ಬೋ ಟೈ ಕಟ್ಟಿಕೊಂಡ ಒಬ್ಬ ಸಹಾಯಕ. ಅಮೆಜಾನ್ ಕಾಡಿನ ನಾಶದ ಬಗ್ಗೆ ಪಾಠ ಮಾಡಬೇಕು, ತಾನಿನ್ನೂ ಓದದ ಹೊಸ ಲೇಖನಗಳನ್ನು ತೆಗೆದುಕೊಡು ಎನ್ನುತ್ತಾನೆ ಪ್ರೊಫೆಸರು. ಸಹಾಯಕ ತೆಗೆದುಕೊಡುತ್ತಾನೆ. ಲೇಖಕನ ಹೆಸರು ಅರ್ಧಂಬರ್ಧ ನೆನಪಿರುವ, ಐದು ವರ್ಷ ಹಳೆಯದಾದ ಇನ್ನೊಂದು ಲೇಖನವನ್ನೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಹುಡುಕಿ ಮುಂದಿಡುತ್ತಾನೆ.

ನೋಡಿದವರು ಬೆರಗಾದದ್ದು ಮಾತಾಡುವ ಯಂತ್ರವನ್ನು ಕಂಡು. ಬೆರಗಾಗಬೇಕಾದ ಸಂಗತಿ ಬೇರೆಯೇ ಇತ್ತು. ಆ ಒಂದು ಲೇಖನವನ್ನು ಎತ್ತಿಕೊಡಲು ಸಹಾಯಕ ಎಷ್ಟು ಲೇಖನಗಳನ್ನು ಪಕ್ಕಕ್ಕೆ ಸರಿಸಿದ? ಚಿತ್ರದಲ್ಲಿ ಆ ಲೆಕ್ಕವಿಲ್ಲ. ನಾವು ಹಾಕಿ ನೋಡೋಣ.

ಜಗತ್ತಿನ ವಿಜ್ಞಾನ ಪ್ರಕಾಶಕರ ಸಂಘ 2018ರಲ್ಲಿ ಕೊಟ್ಟ ವರದಿಯ ಪ್ರಕಾರ ಇಂಗ್ಲಿಷಿನಲ್ಲಿ ಹೊರಬರುವ ಸಂಶೋಧನಾ ಪತ್ರಿಕೆಗಳೇ 33,100. ಎಲ್ಲ ಭಾಷೆಯ ಪತ್ರಿಕೆಗಳೂ ಸೇರಿ ವರ್ಷಕ್ಕೆ ಪ್ರಕಟಿಸುವ ಲೇಖನಗಳು 30 ಲಕ್ಷಕ್ಕೂ ಹೆಚ್ಚು. ದಿನಕ್ಕೆ ಹಂಚಿದರೆ 8,200. ನಿಮಿಷಕ್ಕೆ ಹತ್ತಿರಹತ್ತಿರ ಆರು. ಕ್ಯುಪರ್ಟಿನೋದ ಜನಸಂಖ್ಯೆ 2020ರ ಜನಗಣತಿಯಲ್ಲಿ 60,381. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರಿ ನಡೆಯುವ ಅಜ್ಜನವರೆಗೆ ಊರಿನ ಎಲ್ಲರಿಗೂ ತಲೆಗೊಂದು ಹೊಸ ಲೇಖನ ಹಂಚಲು ಎಂಟು ದಿನದ ಉತ್ಪಾದನೆ ಸಾಕು. ಒಂಬತ್ತನೆಯ ದಿನ ಎರಡನೆಯ ಸುತ್ತು ಶುರು.

ಓದುವವರ ವೇಗ ಎಷ್ಟು? ಅಮೆರಿಕದ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವರ್ಷಕ್ಕೆ ಸರಾಸರಿ 264 ಲೇಖನ ಓದುತ್ತಾರೆ ಎಂದು 2012ರ ಸಮೀಕ್ಷೆಯೊಂದು ಹೇಳಿತ್ತು. ವಾರಕ್ಕೆ ಐದು. ಇದು ಸೋಮಾರಿಗಳ ಲೆಕ್ಕವಲ್ಲ, ಓದುವುದನ್ನೇ ಕಸುಬು ಮಾಡಿಕೊಂಡವರ ಲೆಕ್ಕ. ಈ ವೇಗದಲ್ಲಿ ಒಂದೇ ಒಂದು ವರ್ಷದ 30 ಲಕ್ಷ ಲೇಖನಗಳನ್ನು ಓದಿ ಮುಗಿಸಲು 11,363 ವರ್ಷ ಬೇಕು. ಮನುಷ್ಯ ಬೇಸಾಯ ಕಲಿಯುತ್ತಿದ್ದ ಕಾಲದಲ್ಲಿ ಓದಲು ಕೂತವನು ಈಗ ತಲೆ ಎತ್ತುತ್ತಿದ್ದ. ಅಷ್ಟು ಹೊತ್ತಿಗೆ ಮುಂದಿನ ವರ್ಷದ ಕಂತೆ ಬಾಗಿಲಲ್ಲಿ ಬಿದ್ದಿರುತ್ತಿತ್ತು.

ಈ ಪ್ರವಾಹದ ಮೂಲ ತೀರಾ ಚಿಕ್ಕದು. 1665ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು, ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಇನ್ನೊಂದು, ಹೀಗೆ ಎರಡು ಪತ್ರಿಕೆಗಳಿಂದ ಇದೆಲ್ಲ ಆರಂಭವಾಯಿತು. ಅಲ್ಲಿಂದ 2009ರವರೆಗೆ ಪ್ರಕಟವಾದ ವಿದ್ವತ್ ಲೇಖನಗಳ ಒಟ್ಟು ಸಂಖ್ಯೆ 5 ಕೋಟಿ ಎಂದು ಒಂದು ಅಂದಾಜು. ಆಮೇಲಿನ ಲೆಕ್ಕಗಳ ಪ್ರಕಾರ ವಿಜ್ಞಾನದ ಬರಹ ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ಬೆಳೆಯುತ್ತಿದೆ. ಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ತಕ್ಷಣ ಹೊಳೆಯುತ್ತದೆ: ಸುಮಾರು ಹದಿನೇಳು ವರ್ಷಕ್ಕೊಮ್ಮೆ ದುಪ್ಪಟ್ಟು. ಒಂದು ಮಗು ಹುಟ್ಟಿ ಕಾಲೇಜಿಗೆ ಕಾಲಿಡುವ ಹೊತ್ತಿಗೆ ಅದು ಓದಬೇಕಾದ ಜಗತ್ತು ಎರಡರಷ್ಟಾಗಿರುತ್ತದೆ.

ಹಾಗಾದರೆ ಯಾರಿಗಾದರೂ ಏನಾದರೂ ಸಿಗುವುದಾದರೂ ಹೇಗೆ? ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಹಲವು ಕ್ಯುಪರ್ಟಿನೋದ ಸುತ್ತಮುತ್ತಲೇ ಹುಟ್ಟಿದವು. ನಕ್ಷೆಯ ಮೇಲೆ ಊರನ್ನು ನಡುವೆ ಇಟ್ಟು 20 ಕಿಲೋಮೀಟರಿನ ವೃತ್ತ ಎಳೆಯಿರಿ. ಪಾಲೋ ಆಲ್ಟೋದಲ್ಲಿ ಲಾಕ್‌ಹೀಡ್ ಕಂಪನಿಯ ಪ್ರಯೋಗಾಲಯವಿತ್ತು. ಈ ಕೆಲಸವನ್ನು ಹಿಂದೆ ಯಾರಾದರೂ ಮಾಡಿದ್ದಾರೆಯೇ ಎಂದು ಹುಡುಕುವುದಕ್ಕಿಂತ ಹೊಸದಾಗಿ ಮಾಡಿಬಿಡುವುದೇ ಅಗ್ಗ ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿತ್ತು ಎಂದು ಅಲ್ಲೇ ಕೆಲಸ ಮಾಡುತ್ತಿದ್ದ ರೋಜರ್ ಸಮಿಟ್ ನೆನೆಯುತ್ತಿದ್ದರು. ಆ ಮಾತನ್ನು ಸುಳ್ಳು ಮಾಡಲು ಅವರು 1960ರ ದಶಕದಲ್ಲಿ ಕಟ್ಟಿದ 'ಡಯಲಾಗ್' ಎಂಬ ವ್ಯವಸ್ಥೆ 1972ರಿಂದ ದುಡ್ಡು ಕೊಟ್ಟವರಿಗೆಲ್ಲ ದೂರದಿಂದಲೇ ಲೇಖನ ಹುಡುಕಿಕೊಡತೊಡಗಿತು. ಅದೇ ವೃತ್ತದ ಇನ್ನೊಂದು ಅಂಚಿನಲ್ಲಿ, ಸ್ಟ್ಯಾನ್‌ಫರ್ಡಿನ ಎಸ್‌ಎಲ್‌ಎಸಿ ವೇಗವರ್ಧಕ ಕೇಂದ್ರದಲ್ಲಿ, ಭೌತವಿಜ್ಞಾನದ ಲೇಖನಗಳ 'ಸ್ಪೈರ್ಸ್' ಎಂಬ ಸೂಚಿ 1974ರಿಂದ ಬೆಳೆಯುತ್ತಿತ್ತು. 1991ರ ಡಿಸೆಂಬರ್ 12ರಂದು ಉತ್ತರ ಅಮೆರಿಕದ ಮೊಟ್ಟಮೊದಲ ವೆಬ್ ಸರ್ವರ್ ಅಲ್ಲಿ ಚಾಲೂ ಆಯಿತು. ಅದನ್ನು ಹಾಕಿದ್ದು ವ್ಯಾಪಾರಕ್ಕಲ್ಲ, ಸುದ್ದಿಗಲ್ಲ, ಆ ಸೂಚಿಯಲ್ಲಿ ಪೇಪರ್ ಹುಡುಕುವುದಕ್ಕೆ. ಭೌತವಿಜ್ಞಾನಿ ಪಾಲ್ ಕುನ್ಜ್ ಮತ್ತು ಗ್ರಂಥಪಾಲಕಿ ಲೂಯಿಸ್ ಆಡಿಸ್ ಮುಂತಾದವರು ಸೇರಿ ಮಾಡಿದ ಕೆಲಸ ಅದು. ಇಂದು ಜಗತ್ತು ಸೀರೆ, ಸೈಟು, ಸಿನಿಮಾ ಟಿಕೆಟ್ಟು ಹುಡುಕುವ ಜಾಲ ಆ ಖಂಡದಲ್ಲಿ ಬೇರು ಬಿಟ್ಟದ್ದು ಸಂಶೋಧನಾ ಲೇಖನಗಳ ಹುಡುಕಾಟದಿಂದ.

ಈ ಎಲ್ಲ ವ್ಯವಸ್ಥೆಗಳು ಹುಡುಕುತ್ತಿದ್ದುದು ಹೆಚ್ಚಾಗಿ ಪದಗಳನ್ನು. ಪದ ಒಂದು ಹಂತದವರೆಗೆ ಮಾತ್ರ ಕೈಹಿಡಿಯುತ್ತದೆ. 'ಕ್ಯಾನ್ಸರ್' ಎಂದು ಕೇಳಿದರೆ ಲಕ್ಷಗಟ್ಟಲೆ ಲೇಖನ ಬಂದು ಬೀಳುತ್ತವೆ. ಯಾವುದನ್ನು ಮೊದಲು ಓದಬೇಕು ಎಂಬುದನ್ನು ಪದ ಹೇಳುವುದಿಲ್ಲ. ಅದನ್ನು ಹೇಳುವುದು ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ, ಯಾರೂ ಓದದ ಆಕರಗಳ ಪಟ್ಟಿ. ಯಾರು ಯಾರಿಗೆ ಋಣಿ ಎಂಬ ಲೆಕ್ಕ ಅದರಲ್ಲಿದೆ. ಫಿಲಡೆಲ್ಫಿಯಾದ ಯೂಜೀನ್ ಗಾರ್‌ಫೀಲ್ಡ್ ಇದನ್ನು ಕಂಡುಕೊಂಡರು. ಒಂದು ತೀರ್ಪನ್ನು ಮುಂದೆ ಯಾವ ಯಾವ ನ್ಯಾಯಾಲಯಗಳು ಉಲ್ಲೇಖಿಸಿದವು ಎಂಬ ಪಟ್ಟಿಯನ್ನು ಅಮೆರಿಕದ ವಕೀಲರು 1873ರಿಂದಲೇ ಬಳಸುತ್ತಿದ್ದರು. ಅದೇ ಉಪಾಯವನ್ನು ವಿಜ್ಞಾನಕ್ಕೂ ತರಬಹುದೆಂದು ಗಾರ್‌ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 1963ರಲ್ಲಿ ಹೊರಬಂದ ಅವರ ಮೊದಲ ಉಲ್ಲೇಖ ಸೂಚಿ 613 ಪತ್ರಿಕೆಗಳನ್ನು ಜಾಲಾಡಿತ್ತು. ಅದರಲ್ಲಿದ್ದ ಕೊಂಡಿಗಳು 14 ಲಕ್ಷ.

ಇಂದು 'ಓಪನ್‌ಸೈಟೇಶನ್ಸ್' ಎಂಬ ಮುಕ್ತ ಭಂಡಾರ ಒಂದರಲ್ಲೇ ಇಂಥ ಕೊಂಡಿಗಳು 200 ಕೋಟಿ ದಾಟಿವೆ. ಸೆಕೆಂಡಿಗೊಂದರಂತೆ, ನಿದ್ದೆ ಊಟ ಬಿಟ್ಟು ಎಣಿಸಿದರೆ 63 ವರ್ಷ ಹಿಡಿಯುತ್ತದೆ. 2022ರಲ್ಲಿ ಆರಂಭವಾದ, ಅಲೆಕ್ಸಾಂಡ್ರಿಯಾದ ಪ್ರಾಚೀನ ಗ್ರಂಥಾಲಯದ ಹೆಸರು ಹೊತ್ತ 'ಓಪನ್‌ಅಲೆಕ್ಸ್' ಸೂಚಿಯಲ್ಲಿ 25 ಕೋಟಿಗೂ ಹೆಚ್ಚು ಕೃತಿಗಳ ವಿವರವಿದೆ. ಇವೆರಡೂ ಯಾರಿಗೆ ಬೇಕಾದರೂ ಉಚಿತ. ಹಣ ಕೊಟ್ಟು ಬಳಸುವ 'ಸ್ಕೋಪಸ್', 'ವೆಬ್ ಆಫ್ ಸೈನ್ಸ್' ಬೇರೆ ಇವೆ. ವೈದ್ಯಕೀಯಕ್ಕೆ 'ಪಬ್‌ಮೆಡ್' ಇದೆ. ಅದೂ ಉಚಿತ, ಅದರಲ್ಲಿ ಮೂರೂವರೆ ಕೋಟಿಗೂ ಮೀರಿದ ದಾಖಲೆಗಳು.

ಗಾರ್‌ಫೀಲ್ಡರ ಕೊಂಡಿಯ ಉಪಾಯ ಮತ್ತೆ ಕ್ಯುಪರ್ಟಿನೋದ ನೆರೆಗೇ ಬಂದು ದೊಡ್ಡದಾಯಿತು. ಹೆಚ್ಚು ಲೇಖನಗಳು ಕೈತೋರಿಸುವ ಲೇಖನ ಮುಖ್ಯವಾದರೆ, ಹೆಚ್ಚು ಪುಟಗಳು ಕೈತೋರಿಸುವ ವೆಬ್ ಪುಟವೂ ಮುಖ್ಯವಲ್ಲವೇ? ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಈ ತರ್ಕದ ಮೇಲೆ ಕಟ್ಟಿದ್ದೇ ಗೂಗಲ್. ಲೇಖನಗಳಿಂದ ವೆಬ್ಬಿಗೆ ಹೋದ ಉಪಾಯ 2004ರ ನವೆಂಬರಿನಲ್ಲಿ ಮತ್ತೆ ಲೇಖನಗಳಿಗೆ ಮರಳಿತು. ಕ್ಯುಪರ್ಟಿನೋಗೆ ಹತ್ತಿರದ ಮೌಂಟನ್ ವ್ಯೂನಲ್ಲಿ ಅನುರಾಗ್ ಆಚಾರ್ಯ ಮತ್ತು ಅಲೆಕ್ಸ್ ವರ್‌ಸ್ಟಾಕ್ 'ಗೂಗಲ್ ಸ್ಕಾಲರ್' ಆರಂಭಿಸಿದರು. ಆಚಾರ್ಯ ಐಐಟಿ ಖರಗ್‌ಪುರದಲ್ಲಿ ಓದಿದವರು. ಅಲ್ಲಿನ ಗ್ರಂಥಾಲಯದಲ್ಲಿ ಸಿಗದ ಲೇಖನಕ್ಕಾಗಿ ಬರೆದವರಿಗೇ ಕಾಗದ ಹಾಕಿ ಕಾಯುತ್ತಿದ್ದರಂತೆ. ಸುಮಾರು ಅರ್ಧದಷ್ಟು ಜನ ಏನಾದರೊಂದು ಕಳಿಸುತ್ತಿದ್ದರು. ಆ ಕಾಗದಗಳ ಜಾಗದಲ್ಲಿ ಈಗ ತೆರೆಯ ಮೇಲೆ ಒಂದು ಹುಡುಕಾಟದ ಪೆಟ್ಟಿಗೆಯಿದೆ. 2018ರಲ್ಲಿ ಸಂಶೋಧಕರೊಬ್ಬರು ಅಂದಾಜಿಸಿದಂತೆ ಅದರ ಹಿಂದಿದ್ದ ದಾಖಲೆಗಳು 38.9 ಕೋಟಿ. ಮೊದಲ ಪುಟದಲ್ಲಿ ಕಾಣುವುದು ಹತ್ತು.

ಕೊಂಡಿ ಹಿಡಿದು ಹೋದರೆ ಎಲ್ಲಿಗೆ ತಲುಪುತ್ತೇವೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಒಂದು ಲೇಖನ ಹಿಂದಿನ 30 ಲೇಖನಗಳನ್ನು ಉಲ್ಲೇಖಿಸುತ್ತದೆ ಎನ್ನೋಣ. ಆ ಮೂವತ್ತೂ ತಲಾ 30. ಎರಡನೆಯ ಹೆಜ್ಜೆಗೆ 900, ಮೂರನೆಯದಕ್ಕೆ 27,000, ನಾಲ್ಕಕ್ಕೆ 8.1 ಲಕ್ಷ, ಐದನೆಯ ಹೆಜ್ಜೆಗೆ 2.43 ಕೋಟಿ. ನಿಜದಲ್ಲಿ ಇಷ್ಟಾಗುವುದಿಲ್ಲ. ಕಾರಣ, ಒಂದೇ ಲೇಖನ ಹಲವು ಪಟ್ಟಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಹುಡುಕುವವರಿಗೆ ಲಾಭ ಇರುವುದು ಇಲ್ಲಿಯೇ. ನಾಲ್ಕಾರು ಪಟ್ಟಿಗಳಲ್ಲಿ ತಲೆಹಾಕಿದ ಲೇಖನ ಆ ವಿಷಯದ ಅಡಿಪಾಯ ಎಂದು ತಿಳಿಯಬಹುದು. ಅನುಭವಿ ಸಂಶೋಧಕರು ಮಾಡುವುದೂ ಇಷ್ಟೇ: ಒಂದು ಒಳ್ಳೆಯ ಲೇಖನ ಹಿಡಿಯುವುದು, ಅದರ ಆಕರಗಳ ಮೂಲಕ ಹಿಂದಕ್ಕೆ ಹೋಗುವುದು, ಅದನ್ನು ಆಮೇಲೆ ಉಲ್ಲೇಖಿಸಿದವರ ಮೂಲಕ ಮುಂದಕ್ಕೆ ಬರುವುದು. ಹಿಂದಕ್ಕೆ ಹೋಗಲು ಕಾಗದ ಸಾಕು. ಲೇಖನದ ಕೊನೆಯ ಪುಟ ತೆರೆದರಾಯಿತು. ಮುಂದಕ್ಕೆ ಬರಲು ಮಾತ್ರ ಭಂಡಾರವೇ ಬೇಕು, ಏಕೆಂದರೆ ತನ್ನನ್ನು ಮುಂದೆ ಯಾರು ಓದುತ್ತಾರೆ ಎಂದು ಯಾವ ಲೇಖನಕ್ಕೂ ಗೊತ್ತಿರುವುದಿಲ್ಲ.

ಇನ್ನು ಎತ್ತರದ ಲೆಕ್ಕ. 2014ರಲ್ಲಿ 'ನೇಚರ್' ಪತ್ರಿಕೆ ವೆಬ್ ಆಫ್ ಸೈನ್ಸ್‌ನಲ್ಲಿ ಆಗ ಇದ್ದ ಸುಮಾರು 5.8 ಕೋಟಿ ದಾಖಲೆಗಳನ್ನು ಉಲ್ಲೇಖಗಳ ಸಂಖ್ಯೆಗೆ ತಕ್ಕಂತೆ ವಿಂಗಡಿಸಿ ನೋಡಿತು. ಪ್ರತಿಯೊಂದರ ಮೊದಲ ಪುಟವನ್ನು ಮಾತ್ರ ಅಚ್ಚು ಹಾಕಿ ಒಂದರ ಮೇಲೊಂದು ಪೇರಿಸಿದರೆ ಕಿಲಿಮಂಜಾರೋ ಶಿಖರದ ಹತ್ತಿರಕ್ಕೆ ಬರುತ್ತದೆ ಎಂದಿತು. ನಮ್ಮ ಅಳತೆಗೆ ತಂದುಕೊಳ್ಳೋಣ. ಹತ್ತು ಹಾಳೆಗೆ ಒಂದು ಮಿಲಿಮೀಟರ್ ಹಿಡಿದರೆ ಆ ರಾಶಿಯ ಎತ್ತರ 5,800 ಮೀಟರ್. ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಷ್ಟು ಕಾಗದ.

ಬುಡದಿಂದ ಹತ್ತುತ್ತ ಹೋಗಿ. ಮೊದಲ 2,533 ಮೀಟರಿನ ಹಾಳೆಗಳನ್ನು ಯಾರೂ ಒಮ್ಮೆಯೂ ಉಲ್ಲೇಖಿಸಿಲ್ಲ. ಒಂದಿಡೀ ಮುಳ್ಳಯ್ಯನಗಿರಿ ಹತ್ತಿ ಇಳಿಯದೆ ಇನ್ನೂ ಆರುನೂರು ಮೀಟರ್ ಏರಿದರೂ ಕೈಗೆ ಸಿಗುವ ಒಂದೊಂದು ಹಾಳೆಯ ಮೇಲೂ ಸೊನ್ನೆ. ಅದರ ಮೇಲಿನ 1,828 ಮೀಟರಿನಲ್ಲಿ ಒಂದರಿಂದ ಒಂಬತ್ತು ಉಲ್ಲೇಖ ಪಡೆದವು. ಆಮೇಲೆ 1,334 ಮೀಟರ್, ಹತ್ತರಿಂದ ತೊಂಬತ್ತೊಂಬತ್ತು ಪಡೆದವು. ಈಗಾಗಲೇ ಶಿಖರಕ್ಕೆ ಬಂದಾಯಿತು. ನೂರರಿಂದ ಸಾವಿರದೊಳಗೆ ಉಲ್ಲೇಖ ಪಡೆದವುಗಳ ಪದರ 105 ಮೀಟರ್, ಅಂದರೆ ಶ್ರವಣಬೆಳಗೊಳದ ಗೊಮ್ಮಟನ ಆರರಷ್ಟು. ಸಾವಿರ ದಾಟಿದ ಲೇಖನಗಳು ಒಟ್ಟು 14,499. ಎತ್ತರ ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ, ಹನ್ನೆರಡು ವರ್ಷದ ಮಗುವಿನಷ್ಟು. ಹತ್ತು ಸಾವಿರ ದಾಟಿದವು 148, ಒಂದೂವರೆ ಸೆಂಟಿಮೀಟರ್. ಒಂದು ಲಕ್ಷ ದಾಟಿದವು ಮೂರೇ ಮೂರು ಹಾಳೆ.

ತುತ್ತತುದಿಯ ಹಾಳೆ ಐನ್‌ಸ್ಟೈನರದಲ್ಲ, ವಾಟ್ಸನ್ ಮತ್ತು ಕ್ರಿಕ್ ಅವರದೂ ಅಲ್ಲ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಹೇಳಿದ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಲೇಖನ. 2014ರ ಹೊತ್ತಿಗೆ ಅದರ ಉಲ್ಲೇಖಗಳು 3,05,000 ದಾಟಿದ್ದವು. ಅರವತ್ತಮೂರು ವರ್ಷ, ಭಾನುವಾರ ಹಬ್ಬ ಹರಿದಿನ ಬಿಡದೆ, ದಿನಕ್ಕೆ ಹದಿಮೂರು ಬಾರಿ ಎಂದಾಯಿತು. ಪ್ರಯೋಗಾಲಯದಲ್ಲಿ ಕೈಗೆ ಬರುವ ಉಪಕರಣವನ್ನೇ ಜನ ಹೆಚ್ಚು ನೆನೆಯುತ್ತಾರೆ.

ಆ ಎತ್ತರದಲ್ಲಿ ನಮ್ಮವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲೇ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ 'ಎಚ್ ಇಂಡೆಕ್ಸ್' ಎಂಬ ಅಳತೆಗೋಲು ಸೂಚಿಸಿದರು. ತಲಾ ನೂರಾದರೂ ಉಲ್ಲೇಖ ಪಡೆದ ನೂರು ಲೇಖನಗಳಿದ್ದರೆ ನಿಮ್ಮ ಅಂಕ ನೂರು. ಆರು ಗೊಮ್ಮಟ ಎತ್ತರದ ಆ ತೆಳು ಪದರದಲ್ಲಿ ಒಂದು ಹಾಳೆ ಇಟ್ಟರೆ ಸಾಲದು, ಒಬ್ಬರೇ ನೂರು ಇಡಬೇಕು. 2013ರಲ್ಲಿ ಆ ಗಡಿ ಮುಟ್ಟಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್. ಭಾರತರತ್ನ ಘೋಷಣೆಯಾದದ್ದೂ ಅದೇ ವರ್ಷ.

ಬೆಟ್ಟದ ಬುಡದಲ್ಲಿರುವುದೆಲ್ಲ ಕಸ, ತುದಿಯಲ್ಲಿರುವುದೆಲ್ಲ ಚಿನ್ನ ಎಂದು ಮಾತ್ರ ತಿಳಿಯಬಾರದು. ಬಟಾಣಿ ಗಿಡಗಳ ಮೇಲೆ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೇಖನ 1900ರವರೆಗೆ ಹೆಚ್ಚುಕಡಿಮೆ ಬುಡದಲ್ಲೇ ಇತ್ತು. ಇಂದಿನ ತಳಿವಿಜ್ಞಾನ ಅದರ ಮೇಲೆ ನಿಂತಿದೆ. ಇನ್ನೊಂದು ಕಡೆ, 2023 ಒಂದೇ ವರ್ಷದಲ್ಲಿ ಜಗತ್ತಿನ ಪತ್ರಿಕೆಗಳು ಹಿಂತೆಗೆದುಕೊಂಡ ಲೇಖನಗಳ ಸಂಖ್ಯೆ ಹತ್ತು ಸಾವಿರ ದಾಟಿತು. ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಒಂದೇ ಪ್ರಕಾಶನ ಸಂಸ್ಥೆಯವು. ದುಡ್ಡಿಗೆ ಲೇಖನ ತಯಾರಿಸಿ ಕೊಡುವ ಕಾರ್ಖಾನೆಗಳೇ ಹುಟ್ಟಿಕೊಂಡಿವೆ. ಉಲ್ಲೇಖದ ಸಂಖ್ಯೆ ಯಾವ ಬಾಗಿಲು ತಟ್ಟಬೇಕೆಂದು ಹೇಳುತ್ತದೆ. ಒಳಗಿರುವವನು ಸಾಚಾನೋ ಅಲ್ಲವೋ ಎಂಬುದನ್ನು ಓದಿಯೇ ತಿಳಿಯಬೇಕು.

ಬಾಗಿಲು ತಟ್ಟಿದರೂ ತೆರೆಯುತ್ತದೆಂಬ ಖಾತರಿಯಿಲ್ಲ. ಲೇಖನ ಇಲ್ಲಿದೆ ಎಂದು ಭಂಡಾರ ಉಚಿತವಾಗಿ ತೋರಿಸುತ್ತದೆ, ಓದಲು ಪ್ರಕಾಶಕರು ಹಣ ಕೇಳುತ್ತಾರೆ. ಒಂದು ಬಿಡಿ ಲೇಖನಕ್ಕೆ 30ರಿಂದ 40 ಡಾಲರ್ ಮಾಮೂಲಿ ದರ. ಅಮೆರಿಕದ ಸಂಶೋಧನಾ ಬರಹದಲ್ಲಿ ಹತ್ತಿರಹತ್ತಿರ ಹತ್ತನೆಯ ಒಂದು ಪಾಲು ಬರೆಯುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ 2019ರ ಫೆಬ್ರವರಿಯಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ಜೊತೆಗಿನ ವ್ಯವಹಾರ ಕಡಿದುಕೊಂಡಿತು. ಹೊಸ ಒಪ್ಪಂದವಾಗಲು 2021ರ ಮಾರ್ಚಿ ಬರಬೇಕಾಯಿತು. ಭಾರತ ಸರ್ಕಾರ ಬೇರೆ ದಾರಿ ಹಿಡಿಯಿತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ 'ಒಂದು ದೇಶ, ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300 ಸಂಸ್ಥೆಗಳಿಗೆ ತೆರೆಯಲಾಗಿದೆ. ಫಲಾನುಭವಿಗಳು 1.8 ಕೋಟಿ ಎಂದು ಸರ್ಕಾರದ ಲೆಕ್ಕ. ಭಾಗಿಸಿ ನೋಡಿ: ತಲೆಗೆ 3,333 ರೂಪಾಯಿ, ಮೂರು ವರ್ಷಕ್ಕೆ. ಕ್ಯುಪರ್ಟಿನೋದಲ್ಲಿ ಕೂತ ಯಾರಾದರೂ ಕಾರ್ಡ್ ಉಜ್ಜಿ ಕೊಳ್ಳುವ ಒಂದೇ ಒಂದು ಲೇಖನದ ಬೆಲೆ ಹತ್ತಿರಹತ್ತಿರ ಅಷ್ಟೇ. ಸರ್ಕಾರಿ ಕಾಲೇಜಿನಲ್ಲಿ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಈ ಸೌಲಭ್ಯ ಅವರ ಕಾಲೇಜಿಗೆ ಬಂದಿದೆಯೇ ಎಂದು ಕೇಳಿಸಿ.

ಇಷ್ಟೆಲ್ಲ ಕೋಟಿಗಳ ನಡುವೆ ಕನ್ನಡ ಎಲ್ಲಿದೆ? ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಇಂಗ್ಲಿಷ್. ಉಳಿದದ್ದನ್ನು ಜಗತ್ತಿನ ಬೇರೆಲ್ಲ ಭಾಷೆಗಳು ಹಂಚಿಕೊಳ್ಳಬೇಕು. ಶತಮಾನ ಕಂಡ 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯಲ್ಲಿ ಬಂದ ಪಂಪನ ಮೇಲಿನ ಪ್ರಬಂಧಕ್ಕೆ, ಹಳಗನ್ನಡ ವ್ಯಾಕರಣದ ಚರ್ಚೆಗೆ, ಒಂದೊಂದು ಶಾಸನದ ಮೇಲೆ ಹತ್ತಾರು ವರ್ಷ ನಡೆದ ವಾದಕ್ಕೆ ಈ ಬೆಟ್ಟದಲ್ಲಿ ಒಂದು ಮಿಲಿಮೀಟರ್ ಜಾಗವೂ ಸಿಕ್ಕಿಲ್ಲ ಎನ್ನಬಹುದು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸೊನ್ನೆ ಉಲ್ಲೇಖದ ಆ 2,533 ಮೀಟರಿನೊಳಗೂ ಅವು ಇಲ್ಲ. ಯಾರೂ ಓದಲಿಲ್ಲ ಎಂದು ಹೊರಗುಳಿದದ್ದಲ್ಲ, ಯಾರೂ ಸೇರಿಸಲಿಲ್ಲ ಎಂದು ಹೊರಗುಳಿದದ್ದು.

ಬರಹಗಳಿಗೆ ಗುರುತು ಹಾಕಿ ಸೂಚಿ ಕಟ್ಟುವ ವಿದ್ಯೆ ನಮಗೆ ಗೊತ್ತಿಲ್ಲವೆಂದಲ್ಲ. ಬಿ.ಎಲ್. ರೈಸ್ 1886ರಿಂದ ಸುಮಾರು ಎರಡು ದಶಕಗಳಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ 8,869 ಶಾಸನಗಳನ್ನು ಪ್ರಕಟಿಸಿದರು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ. ಅಷ್ಟು ಹೇಳಿದರೆ ಮೈಸೂರಿನವರೂ ಧಾರವಾಡದವರೂ ಲಂಡನ್ನಿನವರೂ ಅದೇ ಕಲ್ಲಿಗೆ ಬಂದು ನಿಲ್ಲುತ್ತಾರೆ. ಇಂದು ಲೇಖನಗಳಿಗೆ ಕೊಡುವ ಡಿಒಐ ಎಂಬ ಶಾಶ್ವತ ಗುರುತು ಮಾಡುವ ಕೆಲಸವೂ ಅದೇ. ಇನ್ನು, ಓದುಗರ ಸಮಯ ಉಳಿಸುವುದನ್ನು ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದಾಗಿ 1931ರಲ್ಲೇ ಬರೆದ ಎಸ್.ಆರ್. ರಂಗನಾಥನ್ ನೆಲೆಸಿದ್ದು ಬೆಂಗಳೂರಿನಲ್ಲಿ. ದಾಖಲೆ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಕೇಂದ್ರವನ್ನು ಅವರು ಅಲ್ಲಿ ಆರಂಭಿಸಿದ್ದು 1962ರಲ್ಲಿ, ಗಾರ್‌ಫೀಲ್ಡರ ಮೊದಲ ಸೂಚಿ ಹೊರಬರುವುದಕ್ಕೂ ಒಂದು ವರ್ಷ ಮೊದಲು.

ಕನ್ನಡದ ಲೇಖನಗಳನ್ನು ಈ ಭಂಡಾರಗಳಿಗೆ ಸೇರಿಸುವ ಖರ್ಚು ದೊಡ್ಡದೇನಲ್ಲ. 'ಕ್ರಾಸ್‌ರೆಫ್' ಸಂಸ್ಥೆಯಲ್ಲಿ ವಾರ್ಷಿಕ ಸದಸ್ಯತ್ವ ಪಡೆದ ಪತ್ರಿಕೆಗೆ ಒಂದು ಹೊಸ ಲೇಖನದ ಡಿಒಐಗೆ ತಗಲುತ್ತಿರುವುದು ಒಂದು ಡಾಲರ್, ಹಳೆಯ ಲೇಖನಕ್ಕೆ ಹದಿನೈದು ಸೆಂಟ್. ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ನಡೆಸುವ 'ಝೆನೊಡೊ'ದಲ್ಲಿ ಲೇಖಕರೇ ತಮ್ಮ ಬರಹವನ್ನು ಏರಿಸಿ ಉಚಿತವಾಗಿ ಡಿಒಐ ಪಡೆಯಬಹುದು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು, ಸಂಶೋಧನಾ ಪತ್ರಿಕೆಗಳ ಸಂಪಾದಕರು ಈ ವರ್ಷದ ಸಂಚಿಕೆಯಿಂದಲೇ ಇದನ್ನು ಆರಂಭಿಸಲಿ. ಪ್ರತಿ ಲೇಖನದ ಕೊನೆಯಲ್ಲಿ ಆಕರಗಳನ್ನು ಪೂರ್ತಿಯಾಗಿ, ಒಂದೇ ಕ್ರಮದಲ್ಲಿ ಕೊಡುವುದನ್ನು ಕಡ್ಡಾಯ ಮಾಡಲಿ. ಹಳೆಯ ಸಂಚಿಕೆಗಳ ಆಕರಗಳನ್ನು ಟೈಪು ಮಾಡಿ ಕೊಂಡಿ ಕಟ್ಟುವುದು ದೂರದಲ್ಲಿ ಕೂತೂ ಮಾಡಬಹುದಾದ ಕೆಲಸ. ಜಗತ್ತಿನ ಹುಡುಕಾಟದ ಯಂತ್ರಗಳು ಹುಟ್ಟಿದ ಆ 20 ಕಿಲೋಮೀಟರಿನ ವೃತ್ತದಲ್ಲೇ ಸಾವಿರಾರು ಕನ್ನಡಿಗ ಎಂಜಿನಿಯರುಗಳಿದ್ದಾರೆ, 1973ರಲ್ಲೇ ಹುಟ್ಟಿದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವಿದೆ. ವಾರಕ್ಕೊಂದು ಗಂಟೆ ಕೊಡುವ ನೂರು ಜನ ಸಿಕ್ಕರೂ ಸಾಕು, ಕೆಲಸ ಶುರುವಾಗುತ್ತದೆ.